ತೊಡೆಗೆ ಸುತ್ತಿದ ನೂಲು

ನೆಲದ ಮೇಲೆ ಕೂರುವುದಕ್ಕೆ ನನಗೆ ಎಂದೂ ತೊಂದರೆಯಾಗಿಲ್ಲ. ಕಾಲು ಮಡಿಸಿ ಸ್ವಲ್ಪ ದೂರ ಬಗ್ಗಿದರೆ ಸಾಕು, ಉಳಿದ ಕೆಲಸವನ್ನು ಭೂಮಿಯೇ ಮಾಡಿಕೊಡುತ್ತದೆ. ಕಷ್ಟವಿದ್ದದ್ದು ಏಳುವುದರಲ್ಲಿ. ಐವತ್ತೈದು ತುಂಬುವಷ್ಟರಲ್ಲಿ ನಾನು ನೆಲದಿಂದ ಏಳಬೇಕಾದರೆ ಒಂದು ಗೋಡೆ, ಇಲ್ಲವೇ ಒಂದು ಕಂಬ, ಇಲ್ಲವೇ ಇಬ್ಬರು ಗಟ್ಟಿ ಹೆಂಗಸರು ಬೇಕಾಗುತ್ತಿತ್ತು. ಇದನ್ನು ನಾನು ಕಾಯಿಲೆ ಎಂದುಕೊಂಡಿರಲಿಲ್ಲ, ದೊಡ್ಡಸ್ತಿಕೆ ಎಂದುಕೊಂಡಿದ್ದೆ.

ಹಾಗೆಂದುಕೊಳ್ಳಲು ಕಾರಣವಿತ್ತು. ಸೇಲಂನ ಅಮ್ಮಾಪೇಟೆಯಲ್ಲಿ ನಮ್ಮದು ತಲೆಮಾರುಗಳಿಂದ ನೆಲದ ಮೇಲೆ ಕೂತ, ಮನೆಯಲ್ಲಿ ಕನ್ನಡವಾಡುವ ನೇಕಾರರ ವಂಶ. ದೇವತೆಗಳಿಗೆ ಬಟ್ಟೆ ನೇಯ್ದುಕೊಟ್ಟ ಕುಲ ಎಂದು ಹೇಳಿಕೊಳ್ಳುತ್ತೇವೆ. ಅಷ್ಟೆಲ್ಲ ಉಟ್ಟುಕೊಂಡ ದೇವತೆಗಳು ಆಮೇಲೆ ಒಂದು ಕುರ್ಚಿಯನ್ನಾದರೂ ಕಳಿಸಬಹುದಿತ್ತು, ಕಳಿಸಲಿಲ್ಲ. ಗಂಡಸರು ಗುಣಿಯಲ್ಲಿ ಕಾಲು ಇಳಿಬಿಟ್ಟು ಮಗ್ಗದ ಮುಂದೆ ಕೂತರು, ಹೆಂಗಸರು ಕಾಲು ಮಡಿಸಿ ರಾಟೆಯ ಮುಂದೆ ಕೂತರು. ಈ ಮನೆತನದಲ್ಲಿ ಮೊದಲು ಕುರ್ಚಿಯ ಮೇಲೆ ಕೂತು ಸಂಬಳ ಎಣಿಸಿದವಳು ನಾನು. ಸರ್ಕಾರಿ ಕಚೇರಿಯೊಂದರಲ್ಲಿ ಇಪ್ಪತ್ತೇಳು ವರ್ಷ ಕೂತಿದ್ದೇನೆ. ಅಷ್ಟರಲ್ಲಿ ಕುರ್ಚಿ ಮೂರು ಸಲ ಬದಲಾಗಿದೆ.

ಕುರ್ಚಿ ಎಂದರೆ ಏನು, ನೀವೇ ಯೋಚಿಸಿ. ನಿಲ್ಲುವುದಕ್ಕೂ ಕೂರುವುದಕ್ಕೂ ನಡುವೆ ಯಾವನೋ ಸೋಮಾರಿ ಮಾಡಿಕೊಂಡ ರಾಜಿ. ರಾಜರು ಅದನ್ನು ಸಿಂಹಾಸನ ಎಂದರು, ನಾವು ಸೀಟು ಎಂದೆವು. ದಿನವೂ ಅರ್ಧ ದಾರಿ ಇಳಿದು ಅರ್ಧ ದಾರಿ ಏರುವ ದೇಹಕ್ಕೆ ಉಳಿದರ್ಧ ಮರೆತೇಹೋಗುತ್ತದೆ. ನನಗೆ ಅದು ಮರೆತುಹೋಗಿರುವುದು ಗೊತ್ತಾದದ್ದು ಹರೂರಿನಲ್ಲಿ, ಮಗನ ನಿಶ್ಚಿತಾರ್ಥದ ದಿನ.

ಮಗ ಸೇಲಂನಲ್ಲೇ ಔಷಧದ ಅಂಗಡಿ ಇಟ್ಟಿದ್ದಾನೆ. ಹುಡುಗಿ ಹರೂರಿನವಳು, ನಮ್ಮವರೇ. ಜಮಖಾನ ಹಾಸಿ ಎರಡೂ ಕಡೆಯವರು ಎದುರುಬದುರು ಕೂತು ತಾಂಬೂಲ ಬದಲಾಯಿಸಿಕೊಂಡೆವು. ಎಲ್ಲರೂ ಎದ್ದರು. ನಾನು ಏಳಲಿಲ್ಲ. ಬಲಗೈ ಊರಿದೆ, ಎಡಗೈ ಊರಿದೆ, ಕುಲದೇವತೆ ಚೌಡಮ್ಮನನ್ನು ನೆನೆದೆ. ಚೌಡಮ್ಮ ಕೂತಲ್ಲೇ ಇದ್ದಳು, ನಾನೂ ಕೂತಲ್ಲೇ ಇದ್ದೆ. ಕೊನೆಗೆ ಹುಡುಗಿಯ ತಾಯಿ ಒಂದು ರೆಟ್ಟೆ ಹಿಡಿದರು, ಅವರ ತಂಗಿ ಇನ್ನೊಂದು ಹಿಡಿದರು. ಅಕ್ಕಿ ಮೂಟೆ ಎತ್ತಿದ ಹಾಗೆ ಎತ್ತಿ ನಿಲ್ಲಿಸಿದರು.

"ಮೆಲ್ಲ ಅಕ್ಕ, ಮೆಲ್ಲ. ಬ್ಯಾಸರ ಮಾಡ್ಕಾಬ್ಯಾಡಿ. ಮದ್ವೆ ದಿನ ಮೇಡೈ ಮ್ಯಾಲೆ ನಿಮ್ಗೆ ಅಂತ ಒಂದು ಚೇರ್ ಆಕ್ಸಿಬುಡ್ತೀನಿ" ಎಂದರು ಬೀಗಿತ್ತಿ.

ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅದಕ್ಕೇ ಮೈಯೆಲ್ಲ ಉರಿಯಿತು. ಅವರು ನನಗಿಂತ ಎರಡು ವರ್ಷ ದೊಡ್ಡವರು ಬೇರೆ. ನಮ್ಮ ಮದುವೆಗಳಲ್ಲಿ ತಾಳಿ ಕಟ್ಟುವ ಹೊತ್ತಿನ ತನಕ ಹೆತ್ತವರು ಹಸೆಯ ಪಕ್ಕ ನೆಲದ ಮೇಲೆ ಕೂರಬೇಕು. ವೇದಿಕೆಯ ಮೇಲೆ ಕುರ್ಚಿ ಹಾಕಿಸಿಕೊಳ್ಳುವವರು ಇಬ್ಬರೇ: ಕೇರಿಯ ಅತಿ ಮುದುಕಿ ಮತ್ತು ಕೌನ್ಸಿಲರು. ಮಗನ ಮದುವೆಯಲ್ಲಿ ನಾನು ಈ ಇಬ್ಬರ ಸಾಲಿಗೆ ಸೇರುವವಳಲ್ಲ ಎಂದು ಹರೂರಿನಿಂದ ಹೊರಟ ಬಸ್ಸಿನಲ್ಲೇ ತೀರ್ಮಾನಿಸಿದೆ. ನೆಲದ ಮೇಲೆ ಕೂರುತ್ತೇನೆ, ಯಾರ ಕೈಯನ್ನೂ ಹಿಡಿಯದೆ, ನನ್ನ ಕೈಯನ್ನೂ ಊರದೆ ಏಳುತ್ತೇನೆ. ಮದುವೆಗೆ ನಾಲ್ಕೂವರೆ ತಿಂಗಳಿತ್ತು.

ಮಗ ನನ್ನನ್ನು ಜಿಮ್ಮಿಗೆ ಸೇರಿಸಿದ. ಅದು ಎರಡನೆಯ ಮಹಡಿಯಲ್ಲಿತ್ತು, ಮೊಣಕಾಲು ಸರಿಯಿಲ್ಲದವರು ಅಲ್ಲಿಗೆ ಬರುವುದೇ ಬೇಡ ಎನ್ನುವ ಹಾಗೆ. ಮೆಟ್ಟಿಲ ಬುಡದಲ್ಲೇ ತಟ್ಟುವಡೆ ಸೆಟ್ ಮಾರುವವನ ಗಾಡಿ. ಎರಡು ಗರಿಗರಿ ವಡೆಯ ನಡುವೆ ಚಟ್ನಿ ಸವರಿ, ಕ್ಯಾರೆಟ್ಟು ಬೀಟ್ರೂಟು ತುರಿದು ತುಂಬಿ ಕೊಡುವ ಆ ತಿಂಡಿಯನ್ನು ದಾಟಿ ಹೋಗಲು ಸೇಲಂನವರಿಗೆ ಎಷ್ಟು ಮನೋಬಲ ಬೇಕೆಂದು ಹೊರಗಿನವರಿಗೆ ಗೊತ್ತಿಲ್ಲ. ಒಳಗೆ ಗೋಡೆಯ ಮೇಲೆ ಹನುಮಂತನ ಪಟ, ಪಕ್ಕದಲ್ಲಿ ಚಡ್ಡಿ ಹಾಕಿ ಎಣ್ಣೆ ಬಳಿದುಕೊಂಡ ಒಬ್ಬ ಪರದೇಶಿ ಪೈಲ್ವಾನನ ಪಟ. ಬೆಳಿಗ್ಗೆ ಪೂಜೆ ಮಾಡುವವರು ಭೇದವೆಣಿಸದೆ ಇಬ್ಬರ ಹಣೆಗೂ ವಿಭೂತಿ ಹಚ್ಚಿದ್ದರು. ಐವತ್ತೈದು ವರ್ಷದಲ್ಲಿ ಮೊದಲ ಸಲ ಚೂಡಿದಾರ್ ಹಾಕಿದ್ದ ನಾನು ಇಬ್ಬರಿಗೂ ಕೈ ಮುಗಿದೆ. ಯಾರು ಉಪಕಾರಕ್ಕೆ ಬರುತ್ತಾರೋ ಯಾರಿಗೆ ಗೊತ್ತು.

ಅಲ್ಲಿ ಕಲಿಸುವವರು ಸೆಂದಿಲ್, ಮೂವತ್ತರ ಹತ್ತಿರದವರು. ಕತ್ತು ಎಲ್ಲಿ ಮುಗಿದು ಭುಜ ಎಲ್ಲಿ ಶುರುವಾಗುತ್ತದೆಂದು ಹೇಳಲಾಗದ ಮೈಕಟ್ಟು, ಆದರೆ ಮಾತು ಮಾತ್ರ ಬೆಣ್ಣೆ. ನನ್ನ ಕಥೆ ಕೇಳಿ "ತೊಡೈದಾನ್ ಮುಖ್ಯಂ, ಅಮ್ಮಾ" ಎಂದರು. ಏಳಿಸುವುದು ಮೊಣಕಾಲಲ್ಲ, ತೊಡೆಯಂತೆ. ಪ್ರತಿ ವಾರ ಅಳತೆ ಬರೆದಿಟ್ಟರೆ ಬೆಳವಣಿಗೆ ತಿಳಿಯುತ್ತದೆ ಎಂದು ಟೇಪು ಹಿಡಿದು ಬಂದರು. ನನ್ನ ಮುಖ ನೋಡಿದರು, ಚೂಡಿದಾರ್ ನೋಡಿದರು, ಆಮೇಲೆ ಸೂರು ನೋಡುತ್ತ, "ನೀಂಗ ವೀಟ್ಲಯೇ ಅಳಂದು ಪಾತ್ತುಕ್ಕೊಂಗ" ಎಂದು ಟೇಪನ್ನು ಜೇಬಿಗೆ ತುರುಕಿಕೊಂಡರು. ಮನೆಯಲ್ಲೇ ಅಳೆದು ನೋಡಿಕೊಳ್ಳುವ ಏರ್ಪಾಡು ನನಗೂ ಒಪ್ಪಿಗೆಯಾಯಿತು.

ಆಹಾರದ ಪಟ್ಟಿಯನ್ನೂ ಕೊಟ್ಟರು. ದಿನಕ್ಕೆ ಐದು ಮೊಟ್ಟೆ, ಬಿಳಿ ಮಾತ್ರ. ಸಂಜೆ ಬೇಯಿಸಿದ ಹುರುಳಿಯ ಸುಂಡಲ್, ಅನ್ನ ಒಂದೇ ಕಪ್. ಮಾರಂಡಹಳ್ಳಿಯಲ್ಲಿರುವ ನನ್ನ ತಂಗಿ ಸುದ್ದಿ ಕೇಳಿ ರಾಗಿ ಹಿಟ್ಟನ್ನೂ ಹುರುಳಿಯನ್ನೂ ಕಳಿಸಿದಳು. ಬಿಳಿಯನ್ನು ನಾನು ಬೆಂದ ರಬ್ಬರ್ ಎಂದುಕೊಂಡು ನುಂಗುತ್ತಿದ್ದೆ. ಉಳಿದ ಐದು ಹಳದಿಯನ್ನು ಎಸೆಯಲು ಮನಸ್ಸು ಬಾರದೆ ನಮ್ಮ ಯಜಮಾನರು ಮೆಣಸು ಉದುರಿಸಿಕೊಂಡು ತಿನ್ನುತ್ತಿದ್ದರು. ನನ್ನ ಆಹಾರಕ್ರಮದಿಂದ ಮನೆಯಲ್ಲಿ ಮೊದಲು ಮೈ ಬಂದದ್ದು ಅವರಿಗೆ.

ಇನ್ನು ಅಳತೆಯ ವಿಷಯ. ನಮ್ಮ ಕೇರಿಯಲ್ಲಿ ಟೇಪು ಇಲ್ಲದ ಮನೆ ಇರಬಹುದು, ನೂಲು ಇಲ್ಲದ ಮನೆ ಇಲ್ಲ. ಹುಟ್ಟಿದ ಮಗುವಿನ ಉಡಿದಾರಕ್ಕೆ ಸೊಂಟ ಅಳೆಯುವುದು ನೂಲಿನಿಂದ, ಅಂಗಡಿಗೆ ಬರಲಾಗದ ಬಾಣಂತಿಯ ಬಳೆಗೆ ಕೈ ಅಳೆಯುವುದು ನೂಲಿನಿಂದ, ಬಾಗಿಲಿಗೆ ತೋರಣದ ಅಳತೆಯೂ ನೂಲಿನಿಂದ. ಇಂಚು ಸೆಂಟಿಮೀಟರಿನ ಗೊಡವೆ ಬೇಡ. ಸುತ್ತು, ಕತ್ತರಿಸು, ಜೇಬಿಗೆ ಹಾಕು. ನನ್ನ ಅತ್ತೆಗೆ ಎಪ್ಪತ್ತೆಂಟು, ಎದುರುಮನೆಯ ಮಗ್ಗಕ್ಕೆ ಈಗಲೂ ಕಂಡಿಕೆಗೆ ನೂಲು ಸುತ್ತಿಕೊಡುತ್ತಾರೆ. ಅವರ ರಾಟೆಯ ಪಕ್ಕ ಬಿದ್ದಿದ್ದ ಬಿಳಿ ಹತ್ತಿ ನೂಲಿನಿಂದ ಒಂದು ಎಳೆ ತೆಗೆದುಕೊಂಡೆ. ಎಡತೊಡೆಗೆ ಸುತ್ತಿ, ಎರಡು ತುದಿ ಸೇರುವಲ್ಲಿ ಸರಿಯಾಗಿ ಕತ್ತರಿಸಿದೆ. ತೊಡೆ ಬೆಳೆದರೆ ತುದಿಗಳು ಸೇರುವುದಿಲ್ಲ. ನಡುವೆ ಬಿಟ್ಟ ಜಾಗವೇ ಬೆಳವಣಿಗೆ. ನೂಲನ್ನು ಜಿಮ್ಮಿನ ಚೀಲದಲ್ಲಿ ಜೋಪಾನವಾಗಿ ಇಟ್ಟುಕೊಂಡೆ.

ಮನೆಯಲ್ಲಿ ಅದಕ್ಕೆ ಪುರುಸೊತ್ತಾಗದೆ, ಪ್ರತಿ ಭಾನುವಾರ ಜಿಮ್ಮಿನ ಬಚ್ಚಲಮನೆಯ ಬಾಗಿಲು ಹಾಕಿಕೊಂಡು ಅಳೆಯುತ್ತಿದ್ದೆ. ಎರಡನೆಯ ವಾರ ಕಡಲೆಕಾಳಿನಷ್ಟು ಜಾಗ ಬಿಟ್ಟಿತು. ತಿಂಗಳಿಗೆ ಅರ್ಧ ಬೆರಳು. ಎರಡು ತಿಂಗಳಿಗೆ ಒಂದು ಬೆರಳು ತುಂಬ. ಹೊರಗೆ ಬಂದು ಸೆಂದಿಲ್‌ಗೆ ಬೆರಳಿನಲ್ಲೇ ತೋರಿಸಿದೆ. ಅವರು ಜಿಮ್ಮಿನ ವಾಟ್ಸಾಪ್ ಗುಂಪಿನಲ್ಲಿ ನನ್ನ ಹೆಸರು ಹಾಕಿ ಪಕ್ಕದಲ್ಲಿ ನಾಲ್ಕು ಬೆಂಕಿಯ ಚಿತ್ರ ಹಾಕಿದರು. ನಾನು ಕಚೇರಿಯಲ್ಲಿ ಹೇಳಿದೆ, ತಂಗಿಗೆ ಫೋನ್ ಮಾಡಿ ಹೇಳಿದೆ, ತರಕಾರಿಯವಳಿಗೂ ಹೇಳಿದೆ. ಒಬ್ಬ ಹೆಂಗಸು ತನ್ನ ತೊಡೆಯ ಬಗ್ಗೆ ಇಷ್ಟು ಜನರ ಹತ್ತಿರ ಮಾತಾಡಿದ್ದು ಅಮ್ಮಾಪೇಟೆಯಲ್ಲಿ ಅದೇ ಮೊದಲಿರಬೇಕು. ನಿಜ ಹೇಳುತ್ತೇನೆ, ಅಷ್ಟು ಸಂತೋಷ ನನಗೆ ಪ್ರಮೋಷನ್ ಬಂದಾಗಲೂ ಆಗಿರಲಿಲ್ಲ.

ಒಂದು ಸಂಜೆ ಚೀಲ ತೆರೆದು ಒದ್ದೆ ಟವಲನ್ನು ಒಗೆಯಲು ಹಾಕುವಾಗ ಅದರ ಜೊತೆ ನೂಲೂ ಈಚೆ ಬಿತ್ತು. ಅತ್ತೆ ಎತ್ತಿಕೊಂಡರು.

"ಇದೇನೇ ಸುಶೀಲಾ?"

ಹೆಮ್ಮೆಯಿಂದ ವಿವರಿಸಿದೆ. ಅವರು ನೂಲನ್ನು ಎರಡು ಬೆರಳ ನಡುವೆ ಹೊಸೆದು ನೋಡಿದರು, ಮೂಗಿನ ಹತ್ತಿರ ಹಿಡಿದು ಮುಖ ಸಿಂಡರಿಸಿದರು.

"ಇದುನ್ನ ಎಲ್ಲಿ ಇಕ್ಕಿದ್ದೆ?"

"ಚೀಲದಾಗೆ, ಟವಲ್ ಜೊತೆ."

"ಬೆವರು ಟವಲ್ ಜೊತೇಲಾ? ಗಂಜಿ ಆಕ್ದೆ ಇರೋ ನೂಲು ಕಣೇ ಇದು. ನೀರು ಕಂಡ್ರೆ ಕುಗ್ಗೋಯ್ತದೆ. ನೆನ್ದು ಒಣಗಿ, ನೆನ್ದು ಒಣಗಿ, ನೋಡು ಎಂಗೆ ಸುರುಳಿ ಬಿದ್ದೈತೆ. ನೇಕಾರ್ ಮನೇಲಿ ಉಟ್ಟಿ ಇಷ್ಟೂ ತಿಳೀದಾ? ಕಾಲು ನೀಡು ಇಲ್ಲಿ."

ನೂಲಿನ ಒಂದು ತುದಿಯನ್ನು ರಾಟೆಗೆ ಸುತ್ತಿ, ಇನ್ನೊಂದು ತುದಿ ಹಿಡಿದು ಸುರುಳಿ ಬಿಡುವ ತನಕ ಜಗ್ಗಿದರು. ಆಮೇಲೆ ನನ್ನ ತೊಡೆಗೆ ಸುತ್ತಿದರು. ಎರಡು ತುದಿಗಳೂ ಬಹಳ ದಿನಕ್ಕೆ ಭೇಟಿಯಾದ ಗೆಳತಿಯರ ಹಾಗೆ ಸೇರಿಕೊಂಡವು. ಎರಡು ತಿಂಗಳಲ್ಲಿ ಬೆಳೆದದ್ದು ತೊಡೆಯಲ್ಲ. ನಾನು ಸುರಿಸಿದ ಬೆವರು ಕುಡಿದು ನೂಲೇ ಕುಗ್ಗಿತ್ತು.

ಆ ದಿನ ಅತ್ತೆಯ ಎದುರು ಅತ್ತುಬಿಟ್ಟೆ. ಮದುವೆಗೆ ಎರಡೂವರೆ ತಿಂಗಳು ಉಳಿದಿತ್ತು. ಮೊಟ್ಟೆಯ ಬಿಳಿಯೆಲ್ಲ ಎಲ್ಲಿಗೆ ಹೋಯಿತೋ, ವೇದಿಕೆಯ ಮೇಲೆ ಕುರ್ಚಿಯಲ್ಲಿ ಕೂತ ನನ್ನ ಚಿತ್ರವೇ ಕಣ್ಣಿಗೆ ಬರುತ್ತಿತ್ತು. ಅತ್ತೆ ಸಮಾಧಾನ ಮಾಡುವ ಜಾತಿಯವರಲ್ಲ. ಕೈ ಊರದೆ ಎದ್ದು ನಿಂತು, ನೂಲನ್ನು ಕಸದ ಬುಟ್ಟಿಗೆ ಹಾಕಿ ಬಂದರು. "ತೊಡೆ ಅಳ್ದು ಏನ್ ಮಾಡ್ತೀಯ? ನಿಂಗೆ ಬೇಕಾಗಿರೋದು ಏಳಾದಲ್ವಾ? ನೆಲ ಐತೆ, ನೀನು ಇದೀಯ. ಕೂತ್ಕಾ, ಏಳು, ಕೂತ್ಕಾ, ಏಳು. ಅದುಕ್ಕಿಂತ ಅಳತೆ ಬೇಕಾ?"

ಮರುದಿನ ಸೆಂದಿಲ್ ಹತ್ತಿರ ನೂಲಿನ ಸತ್ಯ ಒಪ್ಪಿಕೊಂಡೆ. ಅವರು ನಗಲಿಲ್ಲ. ನಗದೆ ಇರಲು ಬಹಳ ಕಷ್ಟಪಟ್ಟರು, ಕತ್ತಿನ ನರ ಉಬ್ಬಿತು. ಆಮೇಲೆ ತಮ್ಮ ನೋಟ್‌ಬುಕ್ ತೆರೆದು ತೋರಿಸಿದರು. ಮೊದಲ ದಿನ ಬರಿಗೈಯಲ್ಲಿ ಎತ್ತರದ ಬೆಂಚಿನಿಂದ ಏಳಲು ಒದ್ದಾಡಿದವಳು ಈಗ ಎದೆಗೆ ಎಂಟು ಕಿಲೋ ಅವುಚಿಕೊಂಡು ಹತ್ತು ಸಲ ಏಳುತ್ತಿದ್ದೆ. ಈ ವಯಸ್ಸಿನಲ್ಲಿ ಗಾತ್ರ ನಿಧಾನವಾಗಿ ಬರುತ್ತದೆ, ಬಲ ಮೊದಲು ಬರುತ್ತದೆ ಎಂದರು. ನಾನು ತೊಡೆಯ ಹೊರಗೆ ಹುಡುಕುತ್ತಿದ್ದದ್ದು ಒಳಗಿತ್ತು. ಆದರೆ ಒಳಗಿರುವುದನ್ನು ತರಕಾರಿಯವಳಿಗೆ ತೋರಿಸುವುದು ಹೇಗೆ?

ಹೊಸ ಅಳತೆಯನ್ನು ಅತ್ತೆಯೂ ಸೆಂದಿಲ್ಲೂ ಒಬ್ಬರನ್ನೊಬ್ಬರು ನೋಡದೆಯೇ ಸೇರಿ ಕಂಡುಹಿಡಿದರು ಎನ್ನಬೇಕು. ಮನೆಯಲ್ಲಿದ್ದ ದಪ್ಪ ಜಮಖಾನಗಳನ್ನು ಮಡಿಸಿ ಒಂದರ ಮೇಲೊಂದು ಪೇರಿಸಿದೆವು, ಒಟ್ಟು ಎಂಟು. ಕೈಕಟ್ಟಿ ಅದರ ಮೇಲೆ ಕೂತು ಏಳುವುದು. ಹತ್ತು ಸಲ ಸಲೀಸಾಗಿ ಎದ್ದರೆ ಒಂದು ಜಮಖಾನ ತೆಗೆಯುವುದು. ಲೋಕದಲ್ಲಿ ಎಲ್ಲರ ಪ್ರಗತಿಯೂ ಮೇಲಕ್ಕೆ ಹೋಗುತ್ತದೆ, ನನ್ನದು ವಾರವಾರವೂ ಕೆಳಕ್ಕೆ ಇಳಿಯಿತು. ಐದರಲ್ಲಿ ಹದಿನೈದು ದಿನ ಸಿಕ್ಕಿಕೊಂಡೆ. ಎರಡರಲ್ಲಿ ಒಮ್ಮೆ ಹಿಂದಕ್ಕೆ ಉರುಳಿ ರಾಟೆಗೆ ಒದ್ದೆ, ಅತ್ತೆಯ ಬಾಯಿಂದ ನಾನು ಬರೆಯಲಾಗದ ಮಾತುಗಳು ಬಂದವು. ಮದುವೆಯ ಹಿಂದಿನ ವಾರ ಬರಿನೆಲಕ್ಕೆ ಇಳಿದೆ. ಹತ್ತರಲ್ಲಿ ಆರು ಸಲ ಎದ್ದೆ. ನಾಲ್ಕು ಸಲ ಇಲ್ಲ.

ಆ ಲೆಕ್ಕ ತಲೆಯಲ್ಲಿಟ್ಟುಕೊಂಡೇ ಹರೂರಿನ ಮಂಟಪಕ್ಕೆ ಹೋದೆ. ವೇದಿಕೆಯ ಮೇಲೆ ಬೀಗಿತ್ತಿ ಮಾತಿಗೆ ತಪ್ಪದೆ ಕುರ್ಚಿ ಹಾಕಿಸಿದ್ದರು. ಬಿಳಿ ಬಟ್ಟೆ ಹೊದಿಸಿ ಬೆನ್ನಿಗೆ ಗುಲಾಬಿ ಬಣ್ಣದ ರಿಬ್ಬನ್ ಬೇರೆ ಕಟ್ಟಿಸಿದ್ದರು. "ಕೂತ್ಕಳಿ ಅಕ್ಕ" ಎಂದು ಕೈ ತೋರಿಸಿದರು. "ಪರವಾಯಿಲ್ಲ" ಎಂದು ಹೇಳಿ ನಾನು ಹಸೆಯ ಪಕ್ಕ ನೆಲದ ಮೇಲೆ ಕೂತೆ. ಭಾರದ ರೇಷ್ಮೆ ಸೀರೆ, ಕುತ್ತಿಗೆಗೆ ಹಾರ, ಮುಖಕ್ಕೆ ಹೋಮದ ಹೊಗೆ. ಇವು ಯಾವುವೂ ನಮ್ಮ ಅಭ್ಯಾಸದಲ್ಲಿ ಇರಲಿಲ್ಲ. ಅರ್ಧ ಗಂಟೆಯಲ್ಲಿ ಎಡಗಾಲು ಜೋಮು ಹಿಡಿಯಿತು. ಪುರೋಹಿತರು ಏನು ಹೇಳಿದರೋ ನನಗೆ ಒಂದಕ್ಷರವೂ ನೆನಪಿಲ್ಲ. ಮಗನ ಮದುವೆಯಲ್ಲಿ ಕೂತು ನಾನು ನನ್ನ ತೊಡೆಯೊಂದಿಗೆ ಮಾತಾಡುತ್ತಿದ್ದೆ.

ತಾಳಿ ಕಟ್ಟುವ ಹೊತ್ತಾಯಿತು. ಹೆತ್ತವರು ಎದ್ದು ನಿಂತು ಅಕ್ಷತೆ ಹಾಕಬೇಕು. ಎರಡೂ ಮುಷ್ಟಿಯಲ್ಲಿ ಅಕ್ಷತೆ, ಊರೋಣವೆಂದರೂ ಊರುವಂತಿಲ್ಲ. ನಾದಸ್ವರ ಮೇಲೇರಿತು, ಡೋಲು ಬಡಿಯಿತು. ಪಾದ ಒಳಗೆ ಎಳೆದುಕೊಂಡು, ಉಸಿರು ಹಿಡಿದು, ಮುಂದಕ್ಕೆ ಬಾಗಿ, ಎದ್ದೆ. ಒಂದೇ ಸಲಕ್ಕೆ, ನೆಟ್ಟಗೆ. ಅಕ್ಷತೆಯ ಒಂದು ಕಾಳೂ ಬೀಳಲಿಲ್ಲ. ಕಣ್ಣು ತುಂಬಿತು. ಎಲ್ಲರೂ ಅದನ್ನು ಮಗನ ಮದುವೆಗೆ ಬಂದ ಕಣ್ಣೀರೆಂದು ತಿಳಿದರು, ತಿಳಿಯಲಿ.

ಆಮೇಲೆ ಸುತ್ತ ನೋಡಿದೆ. ಯಾರೂ ನನ್ನನ್ನು ನೋಡಿರಲಿಲ್ಲ. ಇಡೀ ಮಂಟಪದ ಕಣ್ಣು ತಾಳಿಯ ಮೇಲಿತ್ತು. ಬೀಗಿತ್ತಿ ಮಗಳ ಜಡೆ ಎತ್ತಿ ಹಿಡಿದಿದ್ದರು. ನಮ್ಮ ಯಜಮಾನರು ಹೊಗೆಗೆ ಕಣ್ಣುಜ್ಜುತ್ತಿದ್ದರು. ನಿಶ್ಚಿತಾರ್ಥದ ದಿನ ನಾನು ಏಳಲಾಗದೆ ಕೂತಾಗ ಐವತ್ತು ಜನ ನೋಡಿದ್ದರು. ಏಳಲಾಗದವರನ್ನು ಊರೆಲ್ಲ ನೋಡುತ್ತದೆ, ಎದ್ದವರು ಎದ್ದದ್ದನ್ನು ಯಾರೂ ಗಮನಿಸುವುದಿಲ್ಲ. ಆರೋಗ್ಯ ಎಂದರೆ ಬಹುಶಃ ಇಷ್ಟೇ, ಯಾರೂ ನೋಡಬೇಕಾಗಿಲ್ಲದ ಹಾಗೆ ನಮ್ಮ ಪಾಡಿಗೆ ನಾವು ಏಳುವುದು. ಇಷ್ಟು ಒಳ್ಳೆಯ ಮಾತು ಹೊಳೆದರೂ ನನಗೆ ಹೊಟ್ಟೆ ಉರಿಯುತ್ತಲೇ ಇತ್ತು. ನಾಲ್ಕೂವರೆ ತಿಂಗಳ ಮೊಟ್ಟೆಗೆ ಒಂದು ಸಾಕ್ಷಿ ಬೇಡವೇ?

ಆಗ ವಿಡಿಯೋದವನು ಜನರನ್ನು ಸರಿಸಿಕೊಂಡು ನನ್ನ ಹತ್ತಿರ ಬಂದ. "ಅಮ್ಮಾ, ನೀಂಗ ಎಳುಂದದು ವರಲೆ. ಇನ್ನೊರು ತಡವೆ ಉಕ್ಕಾಂದು ಎಳುಂದಿರೀಂಗಳಾ?" ಎಂದು ಕೇಳಿದ. ನಾನು ಎದ್ದದ್ದು ಕ್ಯಾಮೆರಾದಲ್ಲಿ ಬಂದಿರಲಿಲ್ಲ, ಇನ್ನೊಮ್ಮೆ ಕೂತು ಏಳಬೇಕಂತೆ. ಕೂತೆ, ಎದ್ದೆ. ಬೀಗಿತ್ತಿ ಮಗಳ ಜಡೆ ಬಿಟ್ಟು ನನ್ನ ಕಡೆ ತಿರುಗಿದರು, ಬಾಯಿ ಸ್ವಲ್ಪ ತೆರೆದಿತ್ತು. ವಿಡಿಯೋದವನು ಕ್ಯಾಮೆರಾ ಇಳಿಸಿ, ಚೆನ್ನಾಗಿ ಬಂತು, ಸಾಕಮ್ಮಾ ಎಂದ. ಅಷ್ಟರಲ್ಲಿ ನಾನು ಮತ್ತೆ ಕೂತುಬಿಟ್ಟಿದ್ದೆ.