ದನದ ತೊಟ್ಟಿಯಲ್ಲ

ಕಲ್ಯಾಣಿ ಹಿಡಿದದ್ದನ್ನು ಬಿಡುವವಳಲ್ಲ. ಶಿಡ್ಲಘಟ್ಟದಲ್ಲಿ ಬ್ಯಾಂಕಿನ ಕೆಲಸ. ಭಾನುವಾರ ಬಂತೆಂದರೆ ದುಪಟ್ಟಾ ಸೊಂಟಕ್ಕೆ ಬಿಗಿದು ನಮ್ಮೂರ ಹಳೆಯ ಮೆಟ್ಟಿಲು ಕೊಳದ ಹೂಳಿಗೆ ಇಳಿದುಬಿಡುವಳು. "ಕಲ್ಯಾಣಿಯಮ್ಮ ಕಲ್ಯಾಣಿ ತೋಡ್ತಾಳಂತೆ!" ಎಂದು ಊರೆಲ್ಲ ನಕ್ಕಿತು.

"ನಗಲಿ ಬಿಡಿ ಪಂಕಜ ಮೇಡಂ, ನಗೋರು ಒಂದೊಂದು ಬುಟ್ಟಿ ಮಣ್ಣು ಹೊತ್ತರೆ ಸಾಕು," ಎಂದಳು ನನಗೆ. ಹೊತ್ತೆ. ಜೀವಮಾನವೆಲ್ಲ ಮಕ್ಕಳಿಗೆ ಕನ್ನಡ ಕಲಿಸಿದ ಸೊಂಟ ಹಿಡಿದುಕೊಂಡಿತು, ಆ ಮಾತು ಬೇರೆ.

ಊರ ಹಳೆಯ ಕಟ್ಟಡಗಳನ್ನು ಉಳಿಸಲೆಂದು ನಾವೇ ಒಂದು ಪರಂಪರೆ ಸಮಿತಿ ಮಾಡಿಕೊಂಡಿದ್ದೆವು. ಅಧ್ಯಕ್ಷರು ರಮೇಶ್‌ಬಾಬು, ನಿವೃತ್ತ ಎಂಜಿನಿಯರ್. ಅವರ ಮನೆ ಕೊಳದ ಎದುರಿಗೇ ಇದೆ. ಒಳ್ಳೆಯ ಮನುಷ್ಯ, ಆದರೆ ಕಂಡದ್ದಕ್ಕೆಲ್ಲ ಬೋರ್ಡ್ ಹಾಕಿಸುವ ಚಪಲ.

ಮೆಟ್ಟಿಲೆಲ್ಲ ಬಯಲಾದ ಮೇಲೆ, ಕೊಳದ ಗೋಡೆಯ ಆಚೆ ಪೊದೆ ಕಡಿದಾಗ ಒಂದು ಕಲ್ಲಿನ ತೊಟ್ಟಿ ಸಿಕ್ಕಿತು.

"ದನದ ತೊಟ್ಟಿ ಇದು. ತೆಗೆಸಿ ಹೂವಿನ ಕುಂಡ ಇಡಣ," ಎಂದರು ರಮೇಶ್‌ಬಾಬು.

ತೊಟ್ಟಿಯ ಪಕ್ಕದ ಚಪ್ಪಡಿಯಲ್ಲಿ ಬಿಂದಿಗೆ ಕೂರುವಷ್ಟು ದುಂಡಗಿನ ಕುಳಿಯಿತ್ತು. ಕಲ್ಯಾಣಿ ಅದನ್ನು ತೋರಿಸಿದಳು. "ನಮ್ಮೂರ ದನ ಬಿಂದಿಗೆ ತಗೊಂಡು ಬರ್ತಿದ್ವಾ ಸಾರ್?"

ಆಮೇಲೆ ಅವಳೇ ಹೇಳಿದಳು. ಅವಳ ಅಜ್ಜಿ ಮುನಿಗಂಗಮ್ಮ ಈ ಮೆಟ್ಟಿಲು ತುಳಿಯುವಂತಿರಲಿಲ್ಲ. ಕೇರಿಯ ಹೆಂಗಸರೆಲ್ಲ ಇಲ್ಲೇ ಕುಕ್ಕರಗಾಲಲ್ಲಿ ಕೂತು ಕಾಯಬೇಕಿತ್ತು. ಮೇಲಿನವರು ಯಾರಾದರೂ ಮನಸ್ಸು ಮಾಡಿ ತೊಟ್ಟಿಗೆ ನೀರು ಸುರಿದರೆ, ಅದನ್ನು ಮೊಗೆದು ಬಿಂದಿಗೆ ತುಂಬಿಕೊಳ್ಳಬೇಕಿತ್ತು.

ರಮೇಶ್‌ಬಾಬು ಕನ್ನಡಕ ಒರೆಸಿಕೊಂಡರು. "ಹಾಗಾದ್ರೆ ತೆಗೆದೇ ಬಿಡಣಮ್ಮ. ಹಳೇ ಕಹಿ ಯಾಕೆ?"

"ಮೆಟ್ಟಿಲು ಹಳೇದು ಅಂತ ಉಳಿಸ್ತೀವಿ, ಇದು ಹಳೇದು ಅಂತ ತೆಗೀತೀವಾ?"

ಸಮಿತಿಯ ಬಾಯಿಯನ್ನೇನೋ ಮುಚ್ಚಿಸಿದಳು. ಆದರೆ ಮುಂದಿನ ಭಾನುವಾರ ಅವಳಪ್ಪ ಚೆನ್ನರಾಯಪ್ಪನೇ ಹಾರೆ ಹಿಡಿದು ಬಂದ. ಕಣ್ಣು ಕೆಂಪಾಗಿತ್ತು. "ನಮ್ಮವ್ವ ಇಲ್ಲಿ ಬಿಸಿಲಲ್ಲಿ ಕೂತಿದ್ದನ್ನ ಊರಿಗೆಲ್ಲ ತೋರಿಸ್ತೀಯೇನೇ? ಪಕ್ಕಕ್ಕೆ ಹೋಗು, ಒಡೆದು ಹಾಕ್ತೀನಿ!"

ಕಲ್ಯಾಣಿ ಹೋಗಿ ತೊಟ್ಟಿಯ ಅಂಚಿನ ಮೇಲೆ ಕೂತುಬಿಟ್ಟಳು. "ಒಡೆದ್ರೆ ಯಾರಿಗಪ್ಪ ಲಾಭ? ನಾಳೆ ಹಂಗೇನೂ ಇರ್ಲೇ ಇಲ್ಲ ಅಂತಾರೆ. ಅಜ್ಜಿ ಪಟ್ಟಿದ್ದಕ್ಕೆ ಸಾಕ್ಷಿ ಹೇಳೋಕೆ ಈ ಕಲ್ಲೊಂದೇ ಉಳಿದಿರೋದು." ಕೂತಲ್ಲಿಂದ ಏಳಲಿಲ್ಲ.

ಚೆನ್ನರಾಯಪ್ಪ ಬಿಂದಿಗೆಯ ಕುಳಿಯನ್ನು ಕೈಯಿಂದ ಸವರಿ ನೋಡಿ ಹಾರೆ ಕೆಳಗಿಟ್ಟ. "ಹಂಗಾದ್ರೆ ಬೋರ್ಡಲ್ಲಿ ಸರಿಯಾಗಿ ಬರೀಬೇಕು. ನಾನು ನೋಡ್ತೀನಿ."

ಬೋರ್ಡ್ ನೆಡುವ ದಿನ ಹಾರೆ ಸಮೇತ ಬಂದು ನಿಂತ. ರಮೇಶ್‌ಬಾಬು ದುಂಡಗಿನ ಅಕ್ಷರದಲ್ಲಿ ಬರೆದರು: 'ನೀರಿಗೆ ಕಾದವರ ಕಲ್ಲು.'

ಚೆನ್ನರಾಯಪ್ಪ ಓದಿದ. "ಕಾದೋರು ಅಂತ ಐತೆ. ಕಾಯಿಸಿದೋರು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾವೆಲ್ಲ ಅತ್ತಿತ್ತ ನೋಡಿದೆವು. ರಮೇಶ್‌ಬಾಬು ಕೆಮ್ಮಿ, ಕುಂಚ ಅದ್ದಿ, ಕೆಳಗೆ ಸೇರಿಸಿದರು: 'ಕಾಯಿಸಿದವರು ಊರವರು.'

"ಯಾಕೆ ಸ್ವಾಮಿ, ನಾವು ಊರವರಲ್ವಾ?"

ಅಯ್ಯೋ ದೇವರೇ! 'ಊರವರು' ಅಂತ ಎಷ್ಟು ಸಾವಿರ ಸಲ ನಾನೇ ಆಡಿದ ಮಾತು ಅದು. ಕನ್ನಡ ಕಲಿಸಿದ ನನ್ನ ಕಿವಿಗೂ ಅಂದಿನವರೆಗೆ ಅದರಲ್ಲಿ ತಪ್ಪು ಕೇಳಿಸಿರಲಿಲ್ಲ.

ಕಲ್ಯಾಣಿ ಬಣ್ಣ ಒರೆಸುವ ಬಟ್ಟೆಯನ್ನು ರಮೇಶ್‌ಬಾಬು ಕೈಗೆ ಕೊಟ್ಟಳು. ಅವರು 'ಊರವರು' ಎಂಬುದನ್ನು ಅಳಿಸಿದರು. ಆ ಜಾಗದಲ್ಲಿ 'ನಾವು' ಎಂದು ಬರೆದರು. ಈ ಸಲ ಅಕ್ಷರ ಸೊಟ್ಟಗಾಯಿತು.

"ಇರ್ಲಿ ಬಿಡಿ, ಓದಕ್ಕೆ ಬರ್ತೈತೆ," ಎಂದ ಚೆನ್ನರಾಯಪ್ಪ. ಹಾರೆ ಎತ್ತಿಕೊಂಡು ಬೋರ್ಡಿನ ಕಂಬಕ್ಕೆ ಗುಂಡಿ ತೋಡತೊಡಗಿದ.