ಕಡೂರಿನ ರೋಗಿ

ನಾನು ಹೊಟ್ಟೆಪಾಡಿಗೆ ಕಾರಣಗಳನ್ನು ಬರೆಯುವವನು. ಅಜ್ಜಂಪುರದ ತಾಲ್ಲೂಕು ಕಚೇರಿಯ ಎದುರು ಒಂದು ಮೇಜು, ಎರಡು ಕುರ್ಚಿ ಹಾಕಿಕೊಂಡು ಜನರಿಗೆ ಅರ್ಜಿ ಬರೆದುಕೊಡುತ್ತೇನೆ. ಖಾತೆ ಯಾಕೆ ಬದಲಾಗಬೇಕು, ಜಮೀನು ಯಾಕೆ ಅಳೆಯಬೇಕು, ಅರ್ಜಿ ಕೊಡಲು ಇಷ್ಟು ವರ್ಷ ಯಾಕೆ ತಡವಾಯಿತು, ಎಲ್ಲಕ್ಕೂ ಒಂದು ಕಾರಣ ಬೇಕು. ಕಾರಣವಿಲ್ಲದ ಅರ್ಜಿಯನ್ನು ಯಾವ ಗುಮಾಸ್ತರೂ ಮುಟ್ಟುವುದಿಲ್ಲ. ಬರೆದು ಬರೆದು ಈ ಚಟ ನನಗೂ ಅಂಟಿಬಿಟ್ಟಿದೆ. ಕಾರಣವಿಲ್ಲದೆ ನನಗೆ ನಮ್ಮ ಮನೆಯ ಹೊಸ್ತಿಲು ದಾಟಲೂ ಬರುವುದಿಲ್ಲ.

ನಿಮ್ಮ ಮುಂದೆ ಮುಚ್ಚುಮರೆ ಏಕೆ? ಮದುವೆಯಾಗಿ ಇಪ್ಪತ್ತೆರಡು ವರ್ಷವಾದರೂ ನಾನು ಮತ್ತು ನನ್ನ ಹೆಂಡತಿ ಸರ್ವಮಂಗಳ ಸುಮ್ಮನೆ ಸಂತೋಷಕ್ಕೆಂದು ಇಬ್ಬರೇ ಎಲ್ಲಿಗೂ ಹೋದವರಲ್ಲ. ಹಾಗೆಂದು ಮನೆಯಲ್ಲೇ ಕೂತವರೂ ಅಲ್ಲ. ಮದುವೆ, ನಾಮಕರಣ, ಗೃಹಪ್ರವೇಶ, ಶಿವಗಣಾರಾಧನೆ, ಮಠದ ಕಾರ್ಯಕ್ರಮ, ಒಂದನ್ನೂ ಬಿಟ್ಟಿಲ್ಲ. ಹೆಬ್ಬೆ ಜಲಪಾತವನ್ನೂ ನೋಡಿದ್ದೇವೆ. ಆದರೆ ನೆಂಟರಿಷ್ಟರು ಹನ್ನೊಂದು ಜನರ ಜೊತೆ, ಚಿತ್ರಾನ್ನದ ಪಾತ್ರೆಯನ್ನು ನಾನು ಹೊತ್ತುಕೊಂಡು. ನೀರು ಎಷ್ಟು ಎತ್ತರದಿಂದ ಬೀಳುತ್ತದೆಂದು ಕೇಳಿದರೆ ನಾನು ಹೇಳಲಾರೆ. ಪಾತ್ರೆ ಎಷ್ಟು ಭಾರವಿತ್ತೆಂದು ಬೇಕಾದರೆ ಹೇಳಬಲ್ಲೆ.

ನಮ್ಮಜ್ಜಿ ಹೇಳುತ್ತಿದ್ದ ಕಥೆಗಳಲ್ಲಿ ಮಾತ್ರ ಇದು ಬೇರೆ ಥರ ಇತ್ತು. ಅವಳ ಮುಕ್ಕಾಲು ಕಥೆಗಳು ಶುರುವಾಗುತ್ತಿದ್ದುದೇ ಶಿವ ಪಾರ್ವತಿ ಲೋಕಸಂಚಾರ ಹೊರಟರು ಎಂಬಲ್ಲಿಂದ. ಯಾಕೆ ಹೊರಟರು? ಕಾರಣವಿಲ್ಲ. ಕೈಲಾಸದಲ್ಲಿ ಕೂತು ಬೇಜಾರಾಯಿತು, ಹೊರಟರು, ಅಷ್ಟೇ. ದಾರಿಯಲ್ಲಿ ಪಾರ್ವತಿ ಏನಾದರೂ ಕಂಡು 'ಅದೇನು ನೋಡೋಣ' ಎನ್ನುತ್ತಾಳೆ. ಶಿವ 'ಬೇಡ ಕಣೇ, ನಮಗ್ಯಾಕೆ' ಎನ್ನುತ್ತಾನೆ. ಅವಳು ಹಟ ಹಿಡಿಯುತ್ತಾಳೆ, ಅವನು ಒಪ್ಪುತ್ತಾನೆ, ಕಥೆ ಆಗುತ್ತದೆ. ಒಂದು ಕಥೆಯಲ್ಲೂ ಅವರು ಯಾರದೋ ಸೀಮಂತಕ್ಕೆ ಹೊರಟವರಲ್ಲ. ಮಠಕ್ಕೆ ನಡೆದುಕೊಳ್ಳುವ ಮನೆತನದವನಾಗಿ ನಾನು ಶಿವನಿಂದ ವಿಭೂತಿಯೊಂದನ್ನೇ ಕಲಿತೆ, ಸಂಚಾರವನ್ನು ಕಲಿಯಲಿಲ್ಲ.

ನಮ್ಮ ಮನೆಯ ಪಾರ್ವತಿ ಹಟ ಹಿಡಿದದ್ದು ಮರಣ ಬಾವಿಯ ಮೇಲೆ. ಹಲಗೆ ಜೋಡಿಸಿ ಕಟ್ಟಿದ ದೊಡ್ಡ ಬಾವಿ, ಅದರ ಗೋಡೆಯ ಮೇಲೆ ಕಾರುಗಳು ಅಡ್ಡಡ್ಡ ಓಡುವ ಆಟ. ಅವಳ ತವರು ಚೌಳಹಿರಿಯೂರು. ಅವಳು ಹತ್ತು ವರ್ಷದವಳಿದ್ದಾಗ ಕಡೂರಿಗೆ ಈ ಆಟ ಬಂದಿತ್ತಂತೆ. ಅಣ್ಣಂದಿರು ಹೋದರು. 'ಹೆಣ್ಮಕ್ಕಳು ನೋಡೋವಂಥದ್ದಲ್ಲ' ಎಂದು ಇವಳನ್ನು ಬಿಟ್ಟರು. ಅವರು ತಿರುಗಿ ಬಂದು ವಾರವಿಡೀ ಬಾಯಲ್ಲಿ ಬುರ್ರೆನ್ನುತ್ತಾ ಹಿತ್ತಿಲ ಸುತ್ತ ಓಡಿದ್ದನ್ನು ಅವಳು ಇನ್ನೂ ಮರೆತಿಲ್ಲ. ಮೊನ್ನೆ ತರೀಕೆರೆಗೆ ಅಂಥದೇ ಆಟ ಬಂದಾಗ ಕೇಳಿದಳು. ನಾನು 'ನೋಡೋಣ' ಎಂದೆ. ಗಂಡಸರ 'ನೋಡೋಣ'ದ ಅರ್ಥ ನಿಮಗೆ ಗೊತ್ತೇ ಇದೆ. ಆಟ ಕಡೂರಿಗೆ ಹೋಯಿತು.

"ಭಾನುವಾರ ಕೊನೇ ದಿನ ಅಂತೆ. ಇದೂ ತಪ್ಪಿದ್ರೆ ಇನ್ನು ಕೇಳಲ್ಲ" ಎಂದಳು ಮಂಗಳ. ಸಿಟ್ಟಿನಿಂದ ಹೇಳಿದ್ದರೆ ತಪ್ಪಿಸಿಕೊಳ್ಳುತ್ತಿದ್ದೆ. ಸಿಟ್ಟಿಲ್ಲದೆ ಹೇಳಿದಳು, ಅದಕ್ಕೇ ಹೆದರಿಕೆಯಾಯಿತು.

ಭಾನುವಾರ ಊಟ ಮುಗಿಸಿ ಕಾರು ತೆಗೆದೆ. ಮಂಗಳ ಮದುವೆಗೆ ಉಡುವ ಹಸಿರು ಸೀರೆ ಉಟ್ಟು ಮಲ್ಲಿಗೆ ಮುಡಿದಿದ್ದಳು. ಎದುರುಮನೆಯ ಗಂಗಕ್ಕ ಗೇಟಿನ ಬಳಿ ನಿಂತಿದ್ದರು. ನನ್ನ ತಾಯಿಯ ವಯಸ್ಸು, ನಮ್ಮ ಮನೆತನದ ಏಳುಬೀಳುಗಳನ್ನೆಲ್ಲ ಬಲ್ಲವರು.

"ಏನಪ್ಪಾ, ಜೋಡಿಯಾಗ್ ಹೊಂಟಿದೀರಾ? ಎಲ್ಲಿಗೆ?"

ಐವತ್ತು ದಾಟಿದ ಗಂಡಸು ಹೆಂಡತಿಯನ್ನು ಕರೆದುಕೊಂಡು ಕಾರಿನಾಟ ನೋಡಲು ಹೊರಟಿದ್ದಾನೆ ಎಂದು ಹೇಳಲು ನಾಲಿಗೆ ಏಳಲಿಲ್ಲ. ಕಾರಣ ತಾನಾಗಿ ಬಂತು. "ಕಡೂರಲ್ಲಿ ನಮ್ ದೊಡ್ಡಪ್ಪನ ಮಗನಿಗೆ ಹುಷಾರಿಲ್ಲ ಗಂಗಕ್ಕ. ನೋಡ್ಕೊಂಡ್ ಬರಾಣ ಅಂತ."

ಗಂಗಕ್ಕ ಒಂದು ಗಳಿಗೆ ನನ್ನ ಮುಖ ನೋಡಿದರು. "ಅಯ್ಯೋ ಪಾಪ. ನಿಂತ್ಕೊಳಪ್ಪ, ರೋಗಿ ನೋಡೋಕೆ ಬರಿಗೈಲಿ ಹೋಗ್ತಾರಾ?" ಎಂದು ಒಳಗೆ ಹೋಗಿ, ಬಟ್ಟೆಯಲ್ಲಿ ಕಟ್ಟಿದ ಒಂದು ಸ್ಟೀಲ್ ಡಬ್ಬಿ ತಂದುಕೊಟ್ಟರು.

ಊರು ದಾಟುವವರೆಗೂ ಮಂಗಳ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು. ನಾನು ಕಾರು ಓಡಿಸುವ ವೇಗದಲ್ಲಿ ಊರು ದಾಟಲು ಬೇಕಾದಷ್ಟು ಹೊತ್ತು ಹಿಡಿಯುತ್ತದೆ. ಆಮೇಲೆ ಕಿಟಕಿಯ ಕಡೆ ನೋಡುತ್ತಾ ಕೇಳಿದಳು. "ನನ್ ಜೊತೆ ಹೊರಗೆ ಹೋಗೋಕೂ ನಿಮಗೊಬ್ಬ ರೋಗಿ ಬೇಕಾಯ್ತೇನ್ರೀ?"

ಅವಳ ಜೊತೆ ಕಾಣಿಸಿಕೊಳ್ಳಲು ನನಗೆ ನಾಚಿಕೆಯೆಂದು ಅವಳು ತಿಳಿದಿದ್ದಳು. ನಿಜ ಹೇಳಬೇಕೆಂದರೆ ಖುಷಿಪಡುವಾಗ ಕಾಣಿಸಿಕೊಳ್ಳಲು ನನಗೆ ನಾಚಿಕೆ. ಆದರೆ ಹಿಂದಿನ ಸೀಟಿನಲ್ಲಿ ಗಂಗಕ್ಕನ ಡಬ್ಬಿ ಕೂತಿರುವಾಗ ಈ ವ್ಯತ್ಯಾಸವನ್ನು ವಿವರಿಸುವುದು ಹೇಗೆ?

ಆಟ ಚೆನ್ನಾಗಿತ್ತು. ಕಬ್ಬಿಣದ ಮೆಟ್ಟಿಲು ಹತ್ತಿ ಬಾವಿಯ ಅಂಚಿನಲ್ಲಿ ನಿಂತೆವು. ಮೊದಲು ಬೈಕುಗಳು, ಆಮೇಲೆ ಎರಡು ಹಳೇ ಕಾರುಗಳು ಕೆಳಗಿನಿಂದ ಸುತ್ತುತ್ತಾ ಸುತ್ತುತ್ತಾ ನಮ್ಮ ಕಾಲಿನ ತನಕ ಏರಿ ಬಂದವು. ಹಲಗೆಗಳು ನಡುಗಿದವು, ಜೊತೆಗೆ ನಾನೂ. ಒಂದು ಕಾರನ್ನು ಗಂಡ ಓಡಿಸುತ್ತಿದ್ದ, ಹೆಂಡತಿ ಬಾಗಿಲ ಕಿಟಕಿಯ ಮೇಲೆ ಕೂತು ಎರಡು ಕೈಯನ್ನೂ ಚಾಚಿದ್ದಳು. ಇದರಲ್ಲಿ ದಾಂಪತ್ಯದ ತತ್ತ್ವವೇನಾದರೂ ಇರಬಹುದೇ ಎಂದು ಯೋಚಿಸತೊಡಗಿದೆ. ಅಷ್ಟರಲ್ಲಿ ಹೊಗೆಗೆ ಕೆಮ್ಮು ಬಂದು ತತ್ತ್ವ ತಪ್ಪಿಹೋಯಿತು. ಮಂಗಳ ಮಾತ್ರ ಕಂಬಿ ಹಿಡಿದು, ಬಾಯಿ ತೆರೆದು, ಹತ್ತು ವರ್ಷದವಳಾಗಿ ನಿಂತಿದ್ದಳು.

ಆಗ ಮೈಕಿನವನು ಕೂಗಿದ. "ಕೆಳಗೆ ಗಂಡ ಹೆಂಡ್ತಿ ಜೋಡಿ! ಮೇಲೆ ಯಾರ್ಯಾರ್ ಜೋಡಿ ಬಂದಿದೀರಾ, ಕೈ ಎತ್ರಪ್ಪ!"

ಮಂಗಳ ಥಟ್ಟನೆ ಕೈ ಎತ್ತಿದಳು. ನಾನೂ ಎತ್ತಬೇಕೆಂದೇ ಇದ್ದೆ. ಅಷ್ಟರಲ್ಲಿ ಎದುರಂಚಿನಲ್ಲಿ ತಾಲ್ಲೂಕು ಕಚೇರಿಯ ಗುಮಾಸ್ತರೊಬ್ಬರು ಮಕ್ಕಳೊಂದಿಗೆ ನಿಂತಿರುವುದು ಕಂಡಿತು. ನನ್ನ ಕೈ ಜೇಬಿನಲ್ಲೇ ಉಳಿಯಿತು. ಮಂಗಳ ನನ್ನ ಕಡೆ ತಿರುಗಿ ನೋಡಿ, ಮೆಲ್ಲಗೆ ಕೈ ಇಳಿಸಿ, ಆ ಕೈಯಿಂದಲೇ ತಲೆಯ ಹೂ ಸರಿ ಮಾಡಿಕೊಂಡಳು. ಆ ಕಾರು ಇನ್ನೂ ಎಷ್ಟು ಸುತ್ತು ಸುತ್ತಿತೋ ನನಗೆ ಗೊತ್ತಿಲ್ಲ. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಆಟ ಮುಗಿದ ಮೇಲೆ ಮೈದಾನದ ಬದಿಯ ಕಲ್ಲುಬೆಂಚಿನಲ್ಲಿ ಕೂತೆವು. ಹಸಿವಾಗಿತ್ತು. ರೋಗಿ ಇಲ್ಲದ ಮೇಲೆ ರೋಗಿಯ ಡಬ್ಬಿ ನಮ್ಮದೇ. ಗಂಜಿಯೋ, ಮೆತ್ತನೆಯ ಇಡ್ಲಿಯೋ ಇರಬೇಕೆಂದು ಮಂಗಳ ಗಂಟು ಬಿಚ್ಚಿದಳು. ಒಳಗೆ ಖಾರ ಮಂಡಕ್ಕಿ! ಮೇಲೆ ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ. ಪಕ್ಕದಲ್ಲಿ ಎರಡು ರವೆ ಉಂಡೆ. ಎರಡು ಚಮಚ.

ಯಾವ ರೋಗಿಗೆ ಹಸಿಮೆಣಸಿನಕಾಯಿ ಕಳಿಸುತ್ತಾರೆ? ಅದೂ ಎರಡು ಚಮಚದ ಜೊತೆ?

"ಗಂಗಕ್ಕಂಗೆ ಗೊತ್ತಾಗಿದೆ ಕಣೇ. ಹೆಂಗ್ ಗೊತ್ತಾಯ್ತು?" ಎಂದೆ.

ಮಂಗಳ ನಗಲು ಶುರು ಮಾಡಿದಳು. ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಅಲ್ಲಾ ರೀ, ನಿಮ್ಮಪ್ಪನೇ ಮನೇಗ್ ಹಿರೇ ಮಗ, ನಿಮ್ಮಮ್ಮನೂ ಹಿರೇ ಮಗಳು. ನಿಮಗ್ ದೊಡ್ಡಪ್ಪ ಎಲ್ಲಿಂದ ಬಂದ್ರು?"

ತಾಲ್ಲೂಕಿನ ಅರ್ಧ ಜನರ ವಂಶಾವಳಿಯನ್ನು ಬರೆದುಕೊಟ್ಟವನು ನಾನು. ಯಾರ ಅಜ್ಜನಿಗೆ ಎಷ್ಟು ಮಕ್ಕಳು, ಯಾರು ಹಿರಿಯ, ಯಾರು ಕಿರಿಯ, ಕೇಳಿದರೆ ಕಣ್ಣು ಮುಚ್ಚಿ ಹೇಳುತ್ತೇನೆ. ಒಂದು ಸುಳ್ಳಿಗಾಗಿ ನನ್ನ ಅಪ್ಪನಿಗೇ ಅಣ್ಣನನ್ನು ಹುಟ್ಟಿಸಿದ್ದೆ.

ಮಂಡಕ್ಕಿ ಮೆತ್ತಗಾಗಿತ್ತು. ಇಬ್ಬರೂ ಡಬ್ಬಿಯ ತಳ ಕಾಣುವವರೆಗೆ ತಿಂದೆವು. ಉಳಿದದ್ದು ಡಬ್ಬಿಯ ಪ್ರಶ್ನೆ. ಯಾರಾದರೂ ಕೊಟ್ಟ ಪಾತ್ರೆಯನ್ನು ಬರಿದಾಗಿ ಹಿಂತಿರುಗಿಸುವುದು ನಮ್ಮಲ್ಲಿ ಇಲ್ಲ. ಎರಡು ಸೇಬು ಹಾಕಿಕೊಟ್ಟರೆ ರೋಗಿಯ ಮನೆಯವರು ಕೊಟ್ಟದ್ದೆಂದು ಸುಳ್ಳು ಮರ್ಯಾದೆಯಾಗಿ ಮುಗಿಯುತ್ತಿತ್ತು. ಗಂಗಕ್ಕ ಏನೂ ಕೇಳುತ್ತಿರಲಿಲ್ಲ. ಮಂಗಳ ನನ್ನನ್ನೇ ನೋಡುತ್ತಿದ್ದಳು. ನಾನು ಎದ್ದು ಹೋಗಿ, ಮರಣ ಬಾವಿಯ ಬಾಗಿಲಲ್ಲೇ ಇದ್ದ ಅಂಗಡಿಯಿಂದ ಬೆಂಡು ಬತ್ತಾಸು ಕೊಂಡು ಡಬ್ಬಿಯ ತುಂಬ ತುಂಬಿಸಿದೆ. ಗುಮಾಸ್ತರು ಅಲ್ಲೇ ಇದ್ದರು.

"ಏನ್ ಸಾರ್, ಇಲ್ಲಿ?"

"ನಮ್ಮನೆಯವ್ರ್ ಜೊತೆ ಆಟ ನೋಡೋಕ್ ಬಂದಿದ್ದೆ" ಎಂದೆ. ಅವರು "ಚೆನ್ನಾಗಿತ್ತಲ್ವಾ ಸಾರ್?" ಎಂದರು. ಅಷ್ಟೇ. ಭೂಮಿಯೇನೂ ಬಾಯಿ ಬಿಡಲಿಲ್ಲ.

ಬೀದಿದೀಪ ಹತ್ತುವ ಹೊತ್ತಿಗೆ ಊರು ಸೇರಿ ಡಬ್ಬಿಯನ್ನು ನಾನೇ ಒಯ್ದುಕೊಟ್ಟೆ, ಪಕ್ಕದಲ್ಲಿ ಮಂಗಳ. ಗಂಗಕ್ಕ ಮುಚ್ಚಳ ತೆಗೆದು ನೋಡಿದರು. "ಮಂಡಕ್ಕಿ ಮೆತ್ತಗಾಗಿರ್ಬೇಕು. ಮೊದ್ಲೇ ನಿಜ ಹೇಳಿದ್ರೆ ಈರುಳ್ಳಿ ಬೇರೆ ಕಟ್ಟಿ ಕೊಡ್ತಿದ್ದೆ."

ಒಂದು ಬತ್ತಾಸು ಬಾಯಿಗೆ ಹಾಕಿಕೊಂಡರು. ಅವರ ಯಜಮಾನರು ತೀರಿಕೊಂಡು ಬಹಳ ವರ್ಷವಾಯಿತು. "ನಮ್ಮನೆಯವ್ರೂ ಹಿಂಗೇ, ಒಂದ್ಸಲ ಯಾರಿಗೋ ಹುಷಾರಿಲ್ಲ ಅಂತ ನನ್ನ ತರೀಕೆರೆಗ್ ಕರ್ಕೊಂಡ್ ಹೋಗಿದ್ರು. ಟೆಂಟ್‌ನಲ್ಲಿ ಸಿನಿಮಾ ತೋರ್ಸಿ ಕರ್ಕೊಂಡ್ ಬಂದ್ರು. ಆ ರೋಗಿ ಯಾರು ಅಂತ ಇವತ್ತಿಗೂ ನಂಗ್ ಗೊತ್ತಿಲ್ಲ ಕಣಪ್ಪ" ಎಂದರು.

ಮುಂದಿನ ಭಾನುವಾರ ನಾವು ಮತ್ತೆ ಕಾರು ತೆಗೆದೆವು. ಎಮ್ಮೆದೊಡ್ಡಿ ಕಾವಲಿನಲ್ಲಿ ದನ ಮೇಯುವುದನ್ನು ನೋಡಬೇಕೆಂದು ಮಂಗಳ ಹೇಳಿದ್ದಳು. ಯಾಕೆ ಎಂದು ನಾನು ಕೇಳಲಿಲ್ಲ. ಗಂಗಕ್ಕ ಗೇಟಿನ ಬಳಿಯೇ ಇದ್ದರು.

"ಇವತ್ ಯಾರಿಗಪ್ಪಾ ಹುಷಾರಿಲ್ಲ?"

"ಯಾರಿಗೂ ಏನೂ ಆಗಿಲ್ಲ ಗಂಗಕ್ಕ. ಎಲ್ರೂ ಚೆನ್ನಾಗಿದೀವಿ" ಎಂದೆ.

ಅವರು ಒಳಗೆ ಹೋಗಿ ಡಬ್ಬಿ ತಂದುಕೊಟ್ಟರು. ಈ ಸಲ ಈರುಳ್ಳಿ ಬೇರೆ ಕಟ್ಟಿತ್ತು.