ಅವ್ವನ ಶ್ರಾವಣ ಮತ್ತು ತೆಳ್ಳಗಾಗುವ ಗುಳಿಗೆ

ನಮ್ಮವ್ವ ದಪ್ಪ. ಹೀಗೆಂದರೆ ಅಕ್ಕ ಈಗಲೂ ಸಿಡುಕುತ್ತಾಳೆ, ಸಿಡುಕಲಿ. ಎಪ್ಪತ್ತರ ದಶಕದಲ್ಲಿ ಸಿಂದಗಿಯ ನಮ್ಮ ಓಣಿಯಲ್ಲಿ ಅದು ಹೊಗಳಿಕೆಯೇ ಆಗಿತ್ತು. ಉಂಡುಟ್ಟ ಮನೆತನ ಅನ್ನುತ್ತಿದ್ದರು. ಆದರೆ ಮುದ್ದೇಬಿಹಾಳದ ತನ್ನ ತಂಗಿಯ ಮನೆಯಲ್ಲಿ ಮಾಳಿಗೆ ಹತ್ತುವಾಗ ಏದುಸಿರು ಬಂದದ್ದಕ್ಕೆ ಅವ್ವನಿಗೆ ಬಹಳ ನಾಚಿಕೆಯಾಗಿತ್ತು. ಸೊಲ್ಲಾಪುರದ ಸೋದರಮಾವ ತೆಳ್ಳಗಾಗುವ ಗುಳಿಗೆ ತಂದುಕೊಟ್ಟ. ಯಾರಿಗೂ ಹೇಳಕೂಡದೆಂದು ಅವ್ವ ನನ್ನಿಂದ ಆಣೆ ಮಾಡಿಸಿಕೊಂಡಳು.

ಆಗ ಶ್ರಾವಣ. ಶುಕ್ರವಾರದ ಒಪ್ಪತ್ತಿಗೇ ಮುಖ ಬಾಡಿಸಿಕೊಳ್ಳುತ್ತಿದ್ದವಳು ಆ ವರ್ಷ ದಿನವೂ ಬರೀ ಹಾಲು, ಬಾಳೆಹಣ್ಣಿನಲ್ಲೇ ಇದ್ದಳು. ಗುಳಿಗೆ ಹಸಿವನ್ನೇ ಕೊಂದಿತ್ತು. ಓಣಿಗೇನು ಗೊತ್ತು? ಭಕ್ತಿ ಎಂದರು. ಕೈ ನಡುಗತೊಡಗಿದಾಗ ಮೈಮೇಲೆ ದೇವಿ ಬರುತ್ತಾಳೆ ಎಂದರು. ಹೆಂಗಸರು ಕಾಯಿ, ಕುಬಸದ ಬಟ್ಟೆ ತಂದು ಕಾಲಿಗೆ ಬೀಳತೊಡಗಿದರು. ಅವ್ವನಿಗೆ ಒಳಗೊಳಗೇ ಹಿಗ್ಗು, ನನಗೋ ತಡೆಯಲಾರದ ನಗು.

ಒಂದು ಮಧ್ಯಾಹ್ನ ಪಕ್ಕದಲ್ಲಿ ಮಲಗಿ ಅವಳ ಎದೆಗೆ ಕಿವಿಯಿಟ್ಟೆ. ಅದು ಬೆದರಿದ ಎತ್ತಿನ ಹಾಗೆ ಓಡುತ್ತಿತ್ತು. ಅವ್ವ ಸತ್ತುಹೋಗುತ್ತಾಳೆ ಎಂದು ನನ್ನ ಜೀವವೇ ಹಾರಿಹೋಯಿತು. ಆಣೆಯನ್ನು ಗಾಳಿಗೆ ತೂರಿ ಅಪ್ಪನಿಗೆ ಹೇಳಿದೆ. ಡಾಕ್ಟರು ಬಂದು ಎದೆಬಡಿತ ಕೇಳಿ, ಇದು ಹಸಿವನ್ನು ಅಡಗಿಸಿ ಹೃದಯವನ್ನು ದಣಿಸುವ ಔಷಧಿ, ಇವತ್ತೇ ಬಿಡಬೇಕು, ಹೊತ್ತುಹೊತ್ತಿಗೆ ಉಣ್ಣಬೇಕು, ದಿನಾ ನಡೆಯಬೇಕು ಎಂದರು. ಅವ್ವನಿಗೆ ಬೇರೆಯದೇ ಚಿಂತೆ. ಉಣ್ಣದಿದ್ದರೆ ಜೀವ ಹೋಗುತ್ತದೆ, ಉಂಡರೆ ಓಣಿಯಲ್ಲಿ ಮಾನ ಹೋಗುತ್ತದೆ.

ಮರುದಿನ ಶುಕ್ರವಾರ. ಹೆಂಗಸರು ಬರುವ ಹೊತ್ತಿಗೆ ಅವ್ವ ಪಡಸಾಲೆಯ ನಟ್ಟನಡುವೆ ಜೋಳದ ರೊಟ್ಟಿ, ಝುಣಕ ಇಟ್ಟುಕೊಂಡು ಕುಳಿತಿದ್ದಳು.

"ದೇವಿ ಬಂದಿದ್ದಿಲ್ರೆವ್ವಾ," ಅಂದಳು. "ತೆಳ್ಳಗಾಗೋ ಗುಳಗಿ ನುಂಗಿದ್ದೆ."

ನಾನು ಕಂಬದ ಮರೆಗೆ ಸರಿದೆ. ಆಮೇಲೆ ಒಬ್ಬಳು ಕಿಸಕ್ಕನೆ ನಕ್ಕಳು, ಎಲ್ಲರೂ ನಕ್ಕರು, ಕೊನೆಗೆ ಅವ್ವನೂ ನಕ್ಕಳು. ತಂದ ಕಾಯಿಗಳನ್ನು ಮಾತ್ರ ಯಾರೂ ವಾಪಸು ಒಯ್ಯಲಿಲ್ಲ.

ಎಲ್ಲರೂ ಹೋದ ಮೇಲೂ ಯಂಕಂಚಿಯಿಂದ ಬಂದಿದ್ದ ಗೌಡ್ತಿ ಉಳಿದಳು. ಅವಳು ಅವ್ವನಿಗಿಂತ ದಪ್ಪ. ಮೆಲ್ಲಗೆ ಹತ್ತಿರ ಸರಿದು, ಉಳಿದ ಗುಳಿಗೆ ತನಗೆ ಕೊಡುತ್ತೀಯಾ ಎಂದು ಕೇಳಿದಳು. ಅವ್ವ ಅವಳ ಕೈ ಹಿಡಿದೆಳೆದು ತನ್ನ ಎದೆಯ ಮೇಲೆ ಇಟ್ಟುಕೊಂಡಳು.

"ಮೊದ್ಲ ಇದನ್ನ ನೋಡು. ಆಮ್ಯಾಗ ಬೇಡು."

ಗೌಡ್ತಿ ಬಹಳ ಹೊತ್ತು ಕೈ ತೆಗೆಯಲಿಲ್ಲ. ಆಮೇಲೆ ಅವ್ವನ ತಾಟಿನಿಂದ ಅರ್ಧ ರೊಟ್ಟಿ ಮುರಿದುಕೊಂಡು ಅಲ್ಲೇ ಉಣ್ಣಲು ಕುಳಿತಳು.